ಬಳೆಗೆ ಸುತ್ತಿದ ಬಟ್ಟೆ

ಆ ಮನೆಯಲ್ಲಿ ಸದ್ದು ಮಾಡದ ವಸ್ತು ಒಂದೂ ಇರಲಿಲ್ಲ. ಬಾಲಿಗಂಜ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ನೆಲಮಹಡಿಯಲ್ಲಿ, ಎರಡು ಕೋಣೆ ಮತ್ತು ಒಂದು ಅಡುಗೆಮನೆ. ಫ್ಯಾನು ಕಟಕಟ ಎನ್ನುತ್ತಿತ್ತು. ಬಾಗಿಲು ಕಿರುಗುಟ್ಟುತ್ತಿತ್ತು. ನಲ್ಲಿಯ ಕೆಳಗಿನ ಬಕೆಟ್ಟಿಗೆ ಹನಿ ಬೀಳುತ್ತಿತ್ತು. ಮೇಲಿನ ಮನೆಯ ಹುಡುಗಿ ಹಾರ್ಮೋನಿಯಂ ಹಿಡಿದು ಕೂತರೆ ಏಳುತ್ತಲೇ ಇರಲಿಲ್ಲ. ಇವೆಲ್ಲ ಸುಮ್ಮನಾದವು ಎನ್ನುವಷ್ಟರಲ್ಲಿ ಸಿಯಾಲ್ದಾ ಕಡೆ ಹೋಗುವ ಲೋಕಲ್ ರೈಲು ಬಂದು ಕಿಟಕಿಯ ಸರಳುಗಳನ್ನು ನಡುಗಿಸಿ ಹೋಗುತ್ತಿತ್ತು. ಧ್ವನಿಮುದ್ರಣ ನನ್ನ ಕೆಲಸ. ಮೊದಲ ಭಾನುವಾರವೇ ಒಂದು ಹಾಳೆಯಲ್ಲಿ ಈ ಶತ್ರುಗಳ ಹೆಸರನ್ನೆಲ್ಲ ಬರೆದುಕೊಂಡೆ.

ಕಪ್ಪು ಬಿಳುಪಿನ ಹದಿನಾರು ಎಂಎಂ ಚಿತ್ರ ಅದು, ಒಂದು ಗಂಟೆಯದು. ನಿರ್ದೇಶಕ ವಿಮಾ ಕಚೇರಿಯೊಂದರ ಗುಮಾಸ್ತ, ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಅಣ್ಣನ ಲೆಕ್ಕದಲ್ಲಿ ದಾದಾ ಎನ್ನುತ್ತಿದ್ದ. ಬಂಗಾಳದ ರಾಜ್ಯ ಸರ್ಕಾರ ಆಗ ಇಂಥ ಸಣ್ಣ ಚಿತ್ರಗಳಿಗೆ ಅಷ್ಟಿಷ್ಟು ನೆರವು ಕೊಡುತ್ತಿತ್ತು, ಅದು ಹೇಗೋ ಇವನಿಗೂ ಸಿಕ್ಕಿತ್ತು. ಕಥೆ ಏನೆಂದು ಕೇಳಿದರೆ, ಒಬ್ಬ ಗೃಹಿಣಿ ಬೆಳಿಗ್ಗೆ ಎದ್ದು ಒಲೆ ಹಚ್ಚುತ್ತಾಳೆ, ಗಂಡನಿಗೆ ಬಡಿಸಿ ಆಫೀಸಿಗೆ ಕಳಿಸುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಮಧ್ಯಾಹ್ನ ತಲೆ ಬಾಚಿಕೊಳ್ಳುತ್ತಾಳೆ, ಸಂಜೆ ದೀಪ ಹಚ್ಚುತ್ತಾಳೆ ಎನ್ನುತ್ತಿದ್ದ.

“ಆಮೇಲೆ?” ಎಂದು ಕೇಳಿದ್ದೆ.

“ಆಮೇಲೆ ಏನೂ ಇಲ್ಲ ದಾದಾ. ಅದೇ ಚಿತ್ರ.”

ನಾನು ಕೇಂದ್ರ ಸರ್ಕಾರದ ಕಚೇರಿಯೊಂದರ ಧ್ವನಿ ವಿಭಾಗದಲ್ಲಿ ನೌಕರ. ಗೋಡೆಗೆಲ್ಲ ಮೆತ್ತೆ ಹೊಡೆದ ಕೋಣೆಯಲ್ಲಿ ಭಾಷಣಗಳನ್ನು ಮುದ್ರಿಸಿಕೊಂಡು ಬದುಕಿದವನು. ಸಿನಿಮಾಕ್ಕೆ ಕೆಲಸ ಮಾಡುತ್ತಿದ್ದುದು ಇದೇ ಮೊದಲು, ಅದೂ ಭಾನುವಾರಗಳಲ್ಲಿ ಮಾತ್ರ. ಇದು ಕೈಕೊಟ್ಟರೆ ಟಾಲಿಗಂಜಿನ ಸ್ಟುಡಿಯೊಗಳಲ್ಲಿ ಮತ್ತೆ ಯಾರೂ ನನ್ನ ಕೈಗೆ ಮೈಕು ಕೊಡುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಏನೂ ನಡೆಯದ ಆ ಚಿತ್ರದ ಮೇಲೆ ನನಗೆ ಪ್ರೀತಿ ಇಲ್ಲದಿದ್ದರೂ ನನ್ನ ಟೇಪು ಕನ್ನಡಿಯಷ್ಟು ಸ್ವಚ್ಛವಾಗಿರಬೇಕೆಂಬ ಹಟ ಇತ್ತು. ಹಾಳು ಹೆಮ್ಮೆ.

ಗೃಹಿಣಿಯ ಪಾತ್ರ ಮಾಡಿದವರು ಆ ಮನೆಯವರೇ. ನಿರ್ದೇಶಕನಿಗೆ ದೂರದ ನೆಂಟರು. ಅವನು ಬೌದಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ. ನಾವೂ ಹಾಗೆಯೇ ಕರೆದೆವು. ಗಂಡನ ಪಾತ್ರಕ್ಕೆ ಅವರ ಗಂಡನೇ. ಸಿಯಾಲ್ದಾದ ಹತ್ತಿರ ಯಾವುದೋ ಆಫೀಸಿನಲ್ಲಿ ಹಿರಿಯ ಗುಮಾಸ್ತ. ತೆಳ್ಳಗಿನ, ನಗುಮುಖದ ಮನುಷ್ಯ. ಭಾನುವಾರದ ದಿನ ಆಫೀಸಿನ ಷರ್ಟು ತೊಟ್ಟು, ಒಂಬತ್ತು ಗಂಟೆಗೆ ಒಮ್ಮೆ, ಹತ್ತೂವರೆಗೆ ಒಮ್ಮೆ, ಹನ್ನೆರಡಕ್ಕೆ ಮತ್ತೊಮ್ಮೆ ಆಫೀಸಿನ ಊಟ ಮಾಡಿ, “ಈ ಚಿತ್ರ ಮುಗಿಯುವಷ್ಟರಲ್ಲಿ ನನ್ನ ಹೊಟ್ಟೆಗೆ ಪ್ರಮೋಷನ್ ಸಿಕ್ಕಿರುತ್ತದೆ” ಎನ್ನುತ್ತಿದ್ದರು.

ಆ ಊಟದ ದೃಶ್ಯವೇ ಚಿತ್ರದ ನಡುಮಧ್ಯ. ಅವರು ನೆಲದ ಮೇಲೆ ಕೂತಿದ್ದಾರೆ, ಮುಂದೆ ಕಂಚಿನ ತಟ್ಟೆ. ಬೌದಿ ಬೇಳೆ ಬಡಿಸುತ್ತಾರೆ. ಎರಡನೇ ಸಲ ಸೌಟು ಬಂದಾಗ ಅವರು ತಟ್ಟೆಯ ಮೇಲೆ ಎಡಗೈ ಅಡ್ಡ ಹಿಡಿದು “ಆರ್ ನಾ” ಎನ್ನುತ್ತಾರೆ. ಸಾಕು, ಇನ್ನು ಬೇಡ ಎಂದು. ಬೌದಿ ಆ ಕೈಯ ಪಕ್ಕದಿಂದ ಸೌಟು ತೂರಿಸಿ ಬಡಿಸಿಯೇ ಬಿಡುತ್ತಾರೆ. ಅಷ್ಟೇ ದೃಶ್ಯ.

ನಾನು ಶತ್ರುಗಳನ್ನು ಒಂದೊಂದಾಗಿ ಕೊಂದೆ. ಫ್ಯಾನು ನಿಲ್ಲಿಸಿದೆ. ಬಾಗಿಲಿನ ತಿರುಗಣಿಗೆ ಎಣ್ಣೆ ಬಿಟ್ಟೆ. ಬಕೆಟ್ಟಿನೊಳಗೆ ಟವೆಲ್ ಹಾಕಿದೆ. ಕ್ಯಾಮೆರಾದ ಮೋಟಾರಿನ ಗರಗರ ಕೇಳದಂತೆ ಅದಕ್ಕೆ ಹಾಸಿಗೆಯ ರಜಾಯಿ ಹೊದಿಸಿದೆ. ಛಾಯಾಗ್ರಾಹಕ ಒಳಗೆ ತಲೆ ತೂರಿಸಿ ಬೆವರಿನಲ್ಲಿ ಮಿಂದ. ಮೇಲಿನ ಮನೆಯವರ ಕೈಕಾಲು ಹಿಡಿದು ಹಾರ್ಮೋನಿಯಂ ಸಂಜೆಗೆ ಮುಂದೂಡಿಸಿದೆ. ಒಂದು ಭಾನುವಾರ ಮುಖ್ಯರಸ್ತೆಯಲ್ಲಿ ಕೆಂಪು ಬಾವುಟಗಳ ಮೆರವಣಿಗೆ ಹೊರಟು ಎರಡು ಗಂಟೆ ಘೋಷಣೆ ನಡೆಯಿತು. ಆ ಶತ್ರುವಿನ ಎದುರು ಮಾತ್ರ ನಾನು ಯಂತ್ರ ಮುಚ್ಚಿ ಚಹಾ ಕುಡಿದೆ.

ಕೊನೆಗೆ ಉಳಿದದ್ದು ಬಳೆ. ಬಂಗಾಳದ ಮುತ್ತೈದೆಯರು ಎರಡೂ ಕೈಗೆ ಶಂಖದ ಬಿಳಿ ಬಳೆ, ಅದರ ಜೊತೆ ಹವಳದ ಬಣ್ಣದ ಕೆಂಪು ಬಳೆ, ಎಡಗೈಗೆ ಕಬ್ಬಿಣದ ಬಳೆಯೊಂದನ್ನು ಹಾಕಿಕೊಳ್ಳುತ್ತಾರೆ. ಮದುವೆಯ ದಿನ ಹಾಕಿಕೊಂಡದ್ದು ಗಂಡ ಇರುವ ತನಕ ಕೈಯಲ್ಲಿರಬೇಕು. ಬೌದಿ ಸೌಟು ಎತ್ತಿದರೆ ಅವು ಒಂದಕ್ಕೊಂದು ತಾಗುತ್ತಿದ್ದವು. ನನ್ನ ಮೀಟರಿನ ಮುಳ್ಳು ಕೆಂಪಿಗೆ ಹಾರುತ್ತಿತ್ತು. “ಆರ್ ನಾ” ಎಂಬ ಎರಡು ಮೆಲುಮಾತು ಅದರ ಅಡಿಯಲ್ಲಿ ಹೂತುಹೋಗುತ್ತಿತ್ತು. ನಾಲ್ಕು ಟೇಕು ಹಾಳಾದವು.

ಐದನೆಯದಕ್ಕೆ ಮುಂಚೆ ನಿರ್ದೇಶಕ ಹೊರಗೆ ಹೋಗಿ ಬಿಸಿಲು ನೋಡುತ್ತಿದ್ದ. ನಾನು ಬೌದಿಯ ಹತ್ತಿರ ಹೋಗಿ, “ಬಳೆ ಒಂದು ಐದು ನಿಮಿಷ ತೆಗೆದಿಡುತ್ತೀರಾ?” ಎಂದೆ.

ಹೀಗೆ ಕೇಳಿದವನು ಎಲ್ಲಿಂದಲೋ ಬಂದ ವಿದೇಶಿಯಲ್ಲ. ಉಡುಪಿ ಕಡೆಯವನು. ಬಳೆ ಒಡೆದುಹೋದರೂ “ಒಡೆಯಿತು” ಎಂಬ ಮಾತನ್ನು ಬಾಯಲ್ಲಿ ಆಡಬಾರದೆಂದು ಕಲಿಸಿದ ಅಮ್ಮನ ಮಗ. ಆದರೂ ಕೇಳಿದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡವನಿಗೆ ತಲೆ ಇರುವುದಿಲ್ಲ.

ಬೌದಿ ಗಂಡನ ಕಡೆ ನೋಡಿದರು. ಅವರು ನಕ್ಕು, “ತೆಗೆಯೋದೆಲ್ಲ ಆಗಲ್ಲ ಮಶಾಯ್, ಬೇಕಾದ್ರೆ ಏನಾದ್ರೂ ಸುತ್ತಿ” ಎಂದರು. ನಾನು ಔಷಧ ಅಂಗಡಿಯ ಬ್ಯಾಂಡೇಜ್ ಬಟ್ಟೆ ತಂದು ಶಂಖಕ್ಕೆ ಒಂದು ಸುತ್ತು, ಕೆಂಪು ಬಳೆಗೆ ಒಂದು ಸುತ್ತು, ಕಬ್ಬಿಣಕ್ಕೆ ಎರಡು ಸುತ್ತು ಸುತ್ತಿದೆ. ಬಿಳಿ ಬಟ್ಟೆ, ಬಿಳಿ ಶಂಖ. ದೂರದ ಕ್ಯಾಮೆರಾಕ್ಕಾಗಲಿ, ಅದರ ಪಕ್ಕ ನಿಲ್ಲುವ ನಿರ್ದೇಶಕನಿಗಾಗಲಿ ಅದು ಕಾಣುವಂತಿರಲಿಲ್ಲ. ಬೌದಿ ಕೈಯನ್ನು ನನ್ನ ಮುಂದೆ ಚಾಚಿ ಬೇರೆ ಕಡೆ ನೋಡುತ್ತಾ ಕೂತಿದ್ದರು. ಐದನೇ ಟೇಕು ಬಹಳ ಸ್ವಚ್ಛವಾಗಿ ಬಂತು. ಅಂದಿನಿಂದ ಪ್ರತಿ ಭಾನುವಾರವೂ, ನಿರ್ದೇಶಕ ಬರುವ ಮುಂಚೆ, ಮೊದಲು ಬಟ್ಟೆ ಸುತ್ತಿ ಆಮೇಲೆ ಕೆಲಸ. ಹಿಂದಿನ ವಾರಗಳಲ್ಲಿ ತೆಗೆದ ದೃಶ್ಯಗಳಿಗೂ, ಅದೇ ಕೆಲಸಗಳನ್ನು ಬೌದಿಯಿಂದ ಮತ್ತೆ ಮಾಡಿಸಿ, ಹೊಸದಾಗಿ ಸ್ವಚ್ಛ ಸದ್ದು ಮುದ್ರಿಸಿ ಹಳೆಯ ಟೇಪು ಅಳಿಸಿಬಿಟ್ಟೆ. ನಿರ್ದೇಶಕನಿಗೆ ಹೇಳುವ ಅಗತ್ಯ ಕಾಣಲಿಲ್ಲ. ಸದ್ದು ನನ್ನ ಇಲಾಖೆ.

ಮನೆಯಲ್ಲಿ ಹೆಂಡತಿಯ ಮುಂದೆ ಇದನ್ನು ಜಂಬದಿಂದಲೇ ಹೇಳಿದೆ. ಅವಳು ಬಡಿಸುತ್ತಿದ್ದವಳು ನಿಂತುಬಿಟ್ಟಳು.

“ನಿಮಗೆ ಬುದ್ಧಿ ಉಂಟಾ ಮಾರಾಯ್ರೆ? ಮುತ್ತೈದೆ ಕೈ ಬಳೆ ತೆಗೀರಿ ಅಂತ ಕೇಳುದಾ?”

“ತೆಗೆದಿಲ್ಲ ಅಲ್ವಾ. ಬಟ್ಟೆ ಸುತ್ತಿದ್ದು ಅಷ್ಟೆ.”

“ಅದೆಂತ ಗಾಯವಾ, ಬ್ಯಾಂಡೇಜು ಸುತ್ಲಿಕ್ಕೆ?” ಎಂದು ಪಾತ್ರೆ ಕುಕ್ಕಿ ಒಳಗೆ ಹೋದಳು. ನಾನು ನಕ್ಕುಬಿಟ್ಟೆ.

ಚಳಿಗಾಲದ ಮೊದಲಲ್ಲಿ ಚಿತ್ರೀಕರಣ ಮುಗಿಯಿತು. ಸರಸ್ವತಿ ಪೂಜೆಗೆ ಎರಡು ವಾರ ಇದ್ದಾಗ ಬೌದಿಯ ಗಂಡ ಆಫೀಸಿನ ಮೆಟ್ಟಿಲ ಮೇಲೆ ಕುಸಿದು ಹೋದರು. ಎದೆನೋವು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಮತ್ತು ನಿರ್ದೇಶಕ ಹೋದೆವು. ಬೌದಿ ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದರು. ನಾನು ಅವರ ಮುಖ ನೋಡಲಿಲ್ಲ, ಕೈ ನೋಡಿದೆ. ಮೊಣಕೈ ತನಕ ಬರಿದು. ಬಳೆ ಇದ್ದ ಜಾಗದಲ್ಲಿ ಚರ್ಮ ಬೆಳ್ಳಗೆ ಉಂಗುರವಾಗಿತ್ತು. ಬಟ್ಟೆ ಸುತ್ತಿದ್ದರಿಂದ ಯಾರೂ ಸಾಯುವುದಿಲ್ಲ, ಅದು ನನಗೆ ಗೊತ್ತು. ಗೊತ್ತಿದ್ದರೂ ಆ ಮನೆಯಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಕೂರಲಾಗಲಿಲ್ಲ.

ಸಂಕಲನ ಶುರುವಾದದ್ದು ಅದಾದ ತಿಂಗಳಿಗೆ. ಚಿತ್ರ ಒಂದು ಪಟ್ಟಿ, ಸದ್ದು ಬೇರೊಂದು ಪಟ್ಟಿ. ಎರಡನ್ನೂ ಮೇಜಿನ ಮೇಲೆ ಜೊತೆಯಾಗಿ ಓಡಿಸಿ ಹೊಂದಿಸಬೇಕು. ಮೊದಲ ದಿನ ಅರ್ಧ ಗಂಟೆಯ ಚಿತ್ರ ನೋಡಿ ನಿರ್ದೇಶಕ ಮೇಜು ನಿಲ್ಲಿಸಿದ.

“ದಾದಾ, ಇದರಲ್ಲಿ ಬೌದಿ ಎಲ್ಲಿ?”

“ಎದುರಿಗೇ ಇದ್ದಾರಲ್ಲ.”

“ಕಾಣ್ತಾ ಇದ್ದಾರೆ. ಕೇಳ್ತಾ ಇಲ್ಲ. ಆ ಮನೆಗೆ ಹೋದಾಗಲೆಲ್ಲ ಬೌದಿ ಯಾವ ಕೋಣೆಯಲ್ಲಿದ್ದಾರೆ ಅಂತ ಅವರ ಬಳೆ ಕೇಳಿ ನನಗೆ ಗೊತ್ತಾಗ್ತಿತ್ತು. ಆ ಸದ್ದಿಗೋಸ್ಕರ ನಾನು ಈ ಚಿತ್ರ ಮಾಡಿದ್ದು. ಅದೇ ಇಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ತಕ್ಷಣ ಮೈಕನ್ನು ಬೈದೆ. ಮೈಕು ಮೇಲೆ ಇತ್ತು, ಕೋನ ಸರಿ ಇರಲಿಲ್ಲ, ಆ ಟೇಪಿನ ಸುರುಳಿಯೇ ಕೆಟ್ಟಿತ್ತು, ಹೀಗೆ ಬಾಯಿಗೆ ಬಂದದ್ದು. ಅವನು ನಂಬಿದ. “ಏನಾದ್ರೂ ಮಾಡಿ ದಾದಾ. ನಿಮ್ಮ ಮೇಲೆ ಭಾರ” ಎಂದ.

ಅವನು ಹೋದ ಮೇಲೆ ನಾನೊಬ್ಬನೇ ಕೂತು ಚಿತ್ರವನ್ನು ಮತ್ತೆ ಓಡಿಸಿದೆ. ಅಂದು ಮೊದಲ ಬಾರಿಗೆ ಅದನ್ನು ನಿಜವಾಗಿ ನೋಡಿದೆ ಎನ್ನಬೇಕು. ಚಿತ್ರೀಕರಣದ ದಿನಗಳಲ್ಲಿ ನನ್ನ ಕಣ್ಣು ಮೀಟರಿನ ಮುಳ್ಳಿನ ಮೇಲೆಯೇ ಇತ್ತು. ಬೌದಿ ಒದ್ದೆ ಸೀರೆಯ ಒಂದು ಅಂಚನ್ನು ಹಲ್ಲಲ್ಲಿ ಕಚ್ಚಿ ಇನ್ನೊಂದನ್ನು ಕೈಯಲ್ಲಿ ಎಳೆದು ಮಡಚುತ್ತಾರೆ. ಗಂಡನ ತಟ್ಟೆಯ ಅಂಚಿಗೆ ಉಪ್ಪು ಇಟ್ಟು, ಅದರ ಪಕ್ಕ ನಿಂಬೆಯ ಹೋಳು ಇಟ್ಟು, ಯಾಕೋ ಸರಿಯಿಲ್ಲವೆಂದು ಹೋಳನ್ನು ಸ್ವಲ್ಪ ಜರುಗಿಸುತ್ತಾರೆ. ರೈಲು ಹೋಗುವಾಗ ಗೋಡೆಯ ಮೇಲಿನ ಬಿಸಿಲು ಮಿಣುಕು ಮಿಣುಕಾಗಿ ಓಡುತ್ತದೆ, ಅವರು ತಲೆಯೆತ್ತಿಯೂ ನೋಡುವುದಿಲ್ಲ. ಎಷ್ಟು ಚೆಲುವಾಗಿತ್ತು! ನನ್ನ ಮನೆಯಲ್ಲೂ ದಿನಾ ನಡೆಯುವುದು ಇದೇ, ನಾನು ಒಂದು ದಿನವೂ ನೋಡಿರಲಿಲ್ಲ. ಆದರೆ ನನ್ನ ಸ್ವಚ್ಛವಾದ ಟೇಪಿನೊಡನೆ ಅದು ಗಾಜಿನ ಆಚೆಗಿನ ಮನೆಯಂತೆ ಕಾಣುತ್ತಿತ್ತು. ಆ ಹೆಂಗಸು ಭೂತದ ಹಾಗೆ ನಿಶ್ಶಬ್ದವಾಗಿ ಓಡಾಡುತ್ತಿದ್ದರು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಸರಿಪಡಿಸಲು ಹೊರಟೆ. ಮೊದಲು ಹೆಂಡತಿಯ ಗಾಜಿನ ಬಳೆಗಳನ್ನು ಮುದ್ರಿಸಿದೆ. ಮೇಜಿನ ಮೇಲೆ ಓಡಿಸಿದರೆ ಬಂಗಾಳದ ಅಡುಗೆಮನೆಯಲ್ಲಿ ನಮ್ಮೂರ ಮದುಮಗಳು ಓಡಾಡಿದಂತೆ ಕಿಣಿಕಿಣಿ. ಶಂಖದ ಸದ್ದಿನಲ್ಲಿ ಕಿಣಿಕಿಣಿ ಇಲ್ಲವೇ ಇಲ್ಲ. ಅದು ಮೊಂಡು, ಒಣಮರ ತಾಗಿದ ಹಾಗೆ. ಸಿಯಾಲ್ದಾ ಬಜಾರಿನಿಂದ ಒಂದು ಜೊತೆ ಶಂಖ, ಕೆಂಪು ಬಳೆ, ಕಬ್ಬಿಣದ ಬಳೆ ತಂದು ನಾನೇ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಸದ್ದು ಅದೇ ಜಾತಿಯದು, ಆದರೆ ಸತ್ತದ್ದು. ಆಫೀಸಿನ ಕೆಲಸ ಮುಗಿಸಿ ಪ್ರತಿ ದಿನ ಸಂಕಲನ ಕೋಣೆಗೆ ಓಡುವುದು, ನೂರು ತುಂಡು ಟೇಪು ಕತ್ತರಿಸಿ ಅಂಟಿಸುವುದು, ಕೇಳುವುದು, ಬಿಚ್ಚುವುದು. ಎರಡು ಸಲ ಅಂಟಿಸುತ್ತಿದ್ದ ಹಾಗೆಯೇ ಕರೆಂಟು ಹೋಗಿ ಅರ್ಧ ದಿನದ ಹೊಂದಿಕೆ ಕಳೆದುಹೋಯಿತು. ಊಟ ಸೇರುತ್ತಿರಲಿಲ್ಲ. ಬಸ್ಸಿನಲ್ಲಿ ಯಾವ ಹೆಂಗಸು ಕಂಬಿ ಹಿಡಿದರೂ ನನ್ನ ಕಿವಿ ಅವಳ ಕೈಗೆ ಅಂಟಿಕೊಳ್ಳುತ್ತಿತ್ತು.

ಸದ್ದುಗಳನ್ನೆಲ್ಲ ಒಂದೇ ಪಟ್ಟಿಗೆ ಇಳಿಸುವ ಮಿಶ್ರಣಕ್ಕೆ, ನಡುವೆ ಒಂದು ದಿನ ಬಿಟ್ಟು, ಎರಡೇ ದಿನ ಸಿಕ್ಕಿತ್ತು. ಸರ್ಕಾರದ ಸಭಾಂಗಣದಲ್ಲಿ ಪ್ರದರ್ಶನದ ತಾರೀಕು ಗೊತ್ತಾಗಿತ್ತು, ಅದಕ್ಕೆ ಮುಂಚೆ ಪ್ರಿಂಟು ಬರಬೇಕು. ಮಿಶ್ರಣ ಮಾಡುವವರು ಆ ಸ್ಟುಡಿಯೊದಲ್ಲಿ ಕೂದಲು ಹಣ್ಣಾದ ಹಿರಿಯರು. ಮೊದಲ ದಿನ ನಾನು ಕೊಟ್ಟ ಮಾದರಿ ಕೇಳಿ, “ಇದು ಕೆಲಸ ಮಾಡುವ ಕೈಯಲ್ಲ, ಯಾರೋ ಬಳೆ ಕುಲುಕುತ್ತಿದ್ದಾರೆ” ಎಂದರು. ಆಮೇಲೆ ನಿರ್ದೇಶಕನ ಕಡೆ ತಿರುಗಿ, “ಯಾಕೆ ಒದ್ದಾಡ್ತೀಯ? ಒಂದು ಸಿತಾರ್ ಹಾಕು. ಎಲ್ಲ ಮುಚ್ಚಿಹೋಗುತ್ತೆ. ಜನ ಕಣ್ಣೀರು ಹಾಕ್ತಾರೆ” ಎಂದರು.

ನಿರ್ದೇಶಕ ಗಡಿಯಾರ ನೋಡಿದ. “ಹಾಗೇ ಮಾಡೋಣ. ಬೇರೆ ದಾರಿ ಇಲ್ಲವಲ್ಲ” ಎಂದ.

ನಾನು ಬಚಾವಾಗಿದ್ದೆ. ಸಿತಾರಿನ ಕೆಳಗೆ ನನ್ನ ತಪ್ಪು ಯಾರಿಗೂ ಕಾಣದ ಹಾಗೆ ಮಲಗಿಬಿಡುತ್ತಿತ್ತು. ನನ್ನ ಹೆಸರೂ ಉಳಿಯುತ್ತಿತ್ತು. ಆದರೆ ಆ ನಿಂಬೆಯ ಹೋಳನ್ನು ಜರುಗಿಸುವ ಬೆರಳಿನ ಮೇಲೆ ಸಿತಾರ್ ಬರುವುದನ್ನು ನೆನೆಸಿಕೊಂಡರೆ ಮೈ ಉರಿಯಿತು. ಸ್ಟುಡಿಯೊದ ಅಂಗಳಕ್ಕೆ ಅವನನ್ನು ಕರೆದುಕೊಂಡು ಹೋಗಿ, “ಮೈಕಿನ ತಪ್ಪಲ್ಲ. ನಾನೇ ಬಳೆಗೆ ಬಟ್ಟೆ ಸುತ್ತಿದ್ದೆ” ಎಂದೆ. ಎಲ್ಲ ಹೇಳಿದೆ. ತೆಗೆಯಿರಿ ಎಂದು ಕೇಳಿದ್ದು, ಅವರ ಗಂಡ ನಕ್ಕದ್ದು, ಹಳೆಯ ಟೇಪು ಅಳಿಸಿದ್ದು, ಎಲ್ಲ.

ಅವನು ಬೈದಿದ್ದರೆ ಚೆನ್ನಾಗಿತ್ತು. “ಈ ಪ್ರಪಂಚದಲ್ಲಿ ಆ ಸದ್ದು ಈಗ ಎಲ್ಲೂ ಇಲ್ಲ ದಾದಾ, ಗೊತ್ತಾ?” ಎಂದ. ಗೇಟಿನ ಕಡೆ ತಿರುಗಿ, “ಬೌದಿಗೆ ನೀವೇ ಹೋಗಿ ಹೇಳಿ. ನನ್ನಿಂದ ಆಗಲ್ಲ” ಎಂದು ಹೊರಟುಹೋದ.

ಮರುದಿನ ಬೆಳಿಗ್ಗೆ ಆಫೀಸಿಗೆ ರಜೆ ಹಾಕಿ ಆ ಗಲ್ಲಿಗೆ ಹೋದೆ. ಬೌದಿ ಒಬ್ಬರೇ ಇದ್ದರು, ಅವರ ಒಬ್ಬಳೇ ಮಗಳು ಕಾಲೇಜಿಗೆ ಹೋಗಿದ್ದಳು. ಚಹಾ ಮಾಡಿ ಮುಂದಿಟ್ಟರು. ಲೋಟ ಇಟ್ಟಾಗ ಲೋಟದ ಸದ್ದು ಮಾತ್ರ ಕೇಳಿಸಿತು. ನಾನು ತಲೆ ತಗ್ಗಿಸಿಕೊಂಡೇ ಹೇಳಿ ಮುಗಿಸಿದೆ. ಬೇಡಿದ್ದು ಇಷ್ಟು: ಅವರ ಕೈ ಹೇಗೆ ನಡೆಯುತ್ತಿತ್ತು, ಯಾವ ಕೆಲಸಕ್ಕೆ ಬಳೆ ಎಲ್ಲಿ ತಾಗುತ್ತಿತ್ತು, ಅದನ್ನು ಬಾಯಲ್ಲಿ ಹೇಳಿದರೆ ಸಾಕು, ಬರೆದುಕೊಳ್ಳುತ್ತೇನೆ.

“ಅವತ್ತು ನೀವು ಬಟ್ಟೆ ಸುತ್ತಿದಾಗ ನನಗೆ ಭಯ ಆಗಿತ್ತು” ಎಂದರು ಬೌದಿ. “ಸಂಜೆ ಅವರ ಹತ್ತಿರ ಹೇಳಿದೆ. ಅವರು, ಹುಚ್ಚಿ, ಅವನು ಪಾಪ ನನ್ನ ಎರಡು ಮಾತು ಕೇಳಿಸಲಿ ಅಂತ ಒದ್ದಾಡ್ತಾ ಇದ್ದಾನೆ ಅಂದ್ರು.”

ನಾನು ಬರೆದುಕೊಳ್ಳಲು ಜೇಬಿನಿಂದ ಪೆನ್ನು ತೆಗೆದೆ.

“ಬಾಯಲ್ಲಿ ಹೇಳೋಕೆ ಆಗಲ್ಲ ದಾದಾ. ಕೈಗೆ ಗೊತ್ತಿರೋದು ಬಾಯಿಗೆ ಗೊತ್ತಿರಲ್ಲ. ಬಳೆ ಯಾರು ಹಾಕಿಕೊಳ್ತಾರೆ?”

“ನಾನೇ ಕೈಯಲ್ಲಿ ಹಿಡಿದು...”

“ಅದೇನು ಗಿಲಕಿಯಾ? ಮುತ್ತೈದೆ ಹಾಕಿಕೊಳ್ಳಬೇಕು. ನಿಮ್ಮ ಮನೆಯವರನ್ನ ಕರೆದುಕೊಂಡು ಬನ್ನಿ. ನಾನೂ ಬರ್ತೀನಿ.”

ಹೆಂಡತಿಗೆ ಹೇಳುವಾಗ ನನಗೆ ಅಳುಕು. ಗಂಡನನ್ನು ಕಳೆದುಕೊಂಡು ಮೂರು ತಿಂಗಳಾಗದ ಹೆಂಗಸು ತನ್ನ ಕೈ ಹಿಡಿದು ಬಳೆ ಆಡಿಸುವುದನ್ನು ಯಾವ ಮುತ್ತೈದೆ ಒಪ್ಪುತ್ತಾಳೆ? ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು.

“ನಂಗೆ ಹೆದರಿಕೆ ಇಲ್ಲ ಅಂತ ಅಲ್ಲ” ಎಂದಳು. “ಅವ್ರಿಗೆ ಹಾಗೆ ಮಾಡಿದ್ದು ನೀವು. ಈಗ ನಾನು ಕೈ ಕೊಡುದಿಲ್ಲ ಅಂದ್ರೆ ಅವ್ರ ಮುಖ ಹೇಗೆ ನೋಡುದು? ಬರ್ತೇನೆ.”

ನಾನು ತಂದಿದ್ದ ಜೊತೆಯನ್ನು ಬಳೆ ಅಂಗಡಿಯವನು ಸೋಪು ಹಚ್ಚಿ ಅವಳ ಕೈಗೆ ಏರಿಸಿಕೊಟ್ಟ. ಮಿಶ್ರಣದ ಎರಡನೇ ದಿನ, ಕೊನೆಯ ದಿನ, ಮೂವರೂ ಟಾಲಿಗಂಜಿನ ಸ್ಟುಡಿಯೊ ತಲುಪಿದೆವು. ಐದು ಗಂಟೆಗೆ ಬೇರೆಯವರಿಗೆ ಕೋಣೆ ಬಿಟ್ಟುಕೊಡಬೇಕು. ಅಷ್ಟರೊಳಗೆ ಬಳೆಯ ಸದ್ದು ಸಿಕ್ಕರೆ ಅದನ್ನು ಉಳಿದದ್ದರ ಜೊತೆ ಬೆರೆಸುವುದನ್ನು ರಾತ್ರಿ ಕೂತು ಮುಗಿಸಿಕೊಡಲು ಹಿರಿಯರು ಒಪ್ಪಿದ್ದರು. ಬೌದಿ ಮೊದಲು ಮಾಡಿದ ಕೆಲಸ ಹೆಂಡತಿಯ ಕೈ ಹಿಡಿದು ಬಳೆಯನ್ನು ಮೇಲಕ್ಕೆ ಕೆಳಕ್ಕೆ ಆಡಿಸಿ ನೋಡಿದ್ದು.

“ಬಿಗಿ ಆಯಿತು. ಇದು ಮಾತಾಡಲ್ಲ. ನನ್ನದು ಇಪ್ಪತ್ತು ವರ್ಷ ಸವೆದು ಸಡಿಲವಾಗಿತ್ತು.”

ದೊಡ್ಡ ಅಳತೆಯದಕ್ಕಾಗಿ, ಅಲ್ಲಿ ನಮಗಾಗಿ ಕಾದಿದ್ದ ನಿರ್ದೇಶಕ ರಿಕ್ಷಾ ಹತ್ತಿ ಓಡಿದ. ಅವನು ಬರುವಷ್ಟರಲ್ಲಿ ಹನ್ನೊಂದು. ಹನ್ನೊಂದೂಕಾಲಿಗೆ ಕರೆಂಟು ಹೋಯಿತು. ಸ್ಟುಡಿಯೊದ ಜನರೇಟರಿಗೆ ಎರಡು ದೀಪ ಉರಿಸುವಷ್ಟು ಮಾತ್ರ ತ್ರಾಣ. ಕಿಟಕಿಯಿಲ್ಲದ ಕೋಣೆಯಲ್ಲಿ ಮಧ್ಯಾಹ್ನ ಒಂದೂವರೆ ತನಕ ಕೂತೆವು. ಹಿರಿಯರು ಗಂಟೆ ನೋಡಿ, “ಸಿತಾರಿನ ಟೇಪು ತೆಗೆದಿಟ್ಟಿದ್ದೀನಿ” ಎಂದರು. ನಾನು ಕಣ್ಣು ಮುಚ್ಚಿಕೊಂಡೆ. ಇನ್ನು ಆಗುವುದಿಲ್ಲವೆಂದು ನನಗೆ ಖಾತ್ರಿಯಾಗಿತ್ತು. ಬೌದಿ ಮತ್ತು ನನ್ನ ಹೆಂಡತಿ ಆ ಮಬ್ಬಿನಲ್ಲೇ ಅಕ್ಕಪಕ್ಕ ಕೂತು, ಹರಕುಮುರುಕು ಬಂಗಾಳಿಯಲ್ಲಿ, ಬೇಳೆಗೆ ಯಾವಾಗ ಉಪ್ಪು ಹಾಕುವುದೆಂದು ಮಾತಾಡುತ್ತಿದ್ದರು. ಮಾತಿನ ನಡುವೆ ಬೌದಿ ಅವಳ ಕೈಯನ್ನು ಸೌಟು ತಿರುವುವ ಹಾಗೆ ತಿರುವಿಸುತ್ತಿದ್ದರು.

ಕರೆಂಟು ಬಂತು. ಈ ಕೆಲಸದ ಕ್ರಮ ಹೀಗೆ: ಬೇಕಾದ ದೃಶ್ಯದ ತುಂಡನ್ನು ಕತ್ತರಿಸಿ ಎರಡು ತುದಿ ಅಂಟಿಸಿದರೆ ಅದು ಬಳೆಯಾಕಾರದ ಸುರುಳಿಯಾಗುತ್ತದೆ. ಪ್ರೊಜೆಕ್ಟರಿಗೆ ಹಾಕಿದರೆ ಅದೇ ದೃಶ್ಯ ನಿಲ್ಲದೆ ಮತ್ತೆ ಮತ್ತೆ ಪರದೆಯ ಮೇಲೆ ಬರುತ್ತದೆ. ಅದನ್ನು ನೋಡುತ್ತ ಮೈಕಿನ ಮುಂದೆ ಸದ್ದು ಮಾಡಿ, ಚಿತ್ರಕ್ಕೆ ಕೂಡಿಬರುವ ತನಕ ಮುದ್ರಿಸುವುದು. ಮೂಲ ಧ್ವನಿ ಮೈಕಿಗೆ ಸೋರಬಾರದು, ಆದ್ದರಿಂದ ಅದು ಹೆಡ್‌ಫೋನಿನಲ್ಲಿ ಮಾತ್ರ. ಕೋಣೆಯಲ್ಲಿ ಒಂದೇ ಹೆಡ್‌ಫೋನ್ ಇತ್ತು. ಅದನ್ನು ಬೌದಿಗೆ ಹಾಕಿದೆ.

ಬೌದಿ ನನ್ನ ಹೆಂಡತಿಯ ಹಿಂದೆ ನಿಂತರು. ಎರಡೂ ಮುಂಗೈಗಳನ್ನು, ಬಳೆಗೆ ತಾಗದ ಹಾಗೆ, ಮೊಣಕೈಯ ಹತ್ತಿರ ಹಿಡಿದರು. ಪರದೆಯ ಮೇಲೆ ಅವರದೇ ಕೈ ನೆಲ ಒರೆಸಲು ತೊಡಗಿತು. ಕೆಳಗೆ ನನ್ನ ಹೆಂಡತಿಯ ಕೈ ಅದರ ಜೊತೆಗೇ ಹೋಯಿತು. ಟಕ್, ಟಕಟಕ್, ಬಿಡುವು, ಟಕ್. ಗಾಜಿನ ಆಚೆ, ನಿಯಂತ್ರಣ ಕೋಣೆಯಲ್ಲಿದ್ದ ಹಿರಿಯರು ಎದ್ದು ನಿಂತರು. ನೆಲ ಒರೆಸುವುದು, ಸೀರೆ ಮಡಚುವುದು, ತಲೆ ಬಾಚುವುದು, ದೀಪ. ಒಂದೊಂದಕ್ಕೆ ನಾಲ್ಕೋ ಐದೋ ಸುತ್ತು, ಮುಗಿಯಿತು. ಯಾವಾಗ ಎಷ್ಟು ಸದ್ದು ಬೇಕೆಂದು ಬೌದಿ ಯೋಚಿಸುತ್ತಲೇ ಇರಲಿಲ್ಲ. ನಾಲ್ಕು ಗಂಟೆಗೆ ಉಳಿದದ್ದು ಊಟದ ದೃಶ್ಯ ಒಂದೇ.

ನಾನು ಅದನ್ನು ಕೊನೆಗೆ ಇಟ್ಟಿದ್ದೆ. “ಬೌದಿ, ಇದು ಬೇಕಾದ್ರೆ ನಾವಿಬ್ಬರೇ ಮಾಡ್ತೀವಿ. ನೀವು ಹೊರಗೆ ಕೂತುಕೊಳ್ಳಿ” ಎಂದೆ. ಅವರು ಇಲ್ಲವೆಂದು ತಲೆಯಾಡಿಸಿದರು. ದೀಪ ಆರಿತು.

ಬೌದಿಯ ಗಂಡ ಪರದೆಯ ಮೇಲೆ ಬಂದರು. ಆಫೀಸಿನ ಷರ್ಟು, ಎಣ್ಣೆ ಹಚ್ಚಿ ಬಾಚಿದ ಕೂದಲು. ತುತ್ತು ಎತ್ತಿದರು, ಕೈ ಅಡ್ಡ ಹಿಡಿದರು, ತುಟಿ ಆಡಿತು. ಸೌಟು ಬಂತು. ಸುರುಳಿ ತಿರುಗಿತು. ಮತ್ತೆ ತುತ್ತು, ಮತ್ತೆ ಕೈ. ಮೊದಲ ಎರಡು ಸುತ್ತು ಬೌದಿಯ ಕೈ ಅಲ್ಲಾಡಲೇ ಇಲ್ಲ. ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ನನ್ನ ಕಡೆ ತಿರುಗಿದರು.

“ಎಷ್ಟು ಸ್ಪಷ್ಟ ಕೇಳುತ್ತೆ. ಬಟ್ಟೆ ಸುತ್ತಿದ್ದರಿಂದಲಾ?”

“ಹೌದು” ಎಂದೆ.

ಮೂರನೇ ಸುತ್ತಿಗೆ ಕೈ ಹಿಡಿದರು. ಆರನೆಯದರಲ್ಲಿ ಸೌಟು, ಬಳೆ, ತಟ್ಟೆ ಮೂರೂ ಒಂದು ಕೂದಲೆಳೆ ಆಚೀಚೆ ಇಲ್ಲದೆ ಕೂಡಿಬಂದವು. ಗಾಜಿನ ಹಿಂದೆ ಹಿರಿಯರು ಹೆಬ್ಬೆರಳು ಎತ್ತಿದರು. ನಿರ್ದೇಶಕ ಮುಖ ಮುಚ್ಚಿಕೊಂಡು ಅಳುತ್ತಿದ್ದ. ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ಚಿತ್ರ ಉಳಿದಿತ್ತು. ನಾನು ಕೈ ಎತ್ತಿ ನಿಲ್ಲಿಸಲು ಹೊರಟೆ.

“ಸರಿಯಾಗಲಿಲ್ಲ. ಇನ್ನೊಂದು ಸಲ” ಎಂದರು ಬೌದಿ.

ಏಳನೆಯದೂ ಅಷ್ಟೇ ಚೆನ್ನಾಗಿತ್ತು. “ಇಲ್ಲ ದಾದಾ, ಸೌಟು ತಡವಾಯಿತು” ಎಂದರು. ತಡವಾಗಿರಲಿಲ್ಲ. ಎಂಟನೆಯದು, ಒಂಬತ್ತನೆಯದು. ಪ್ರತಿ ಸಲವೂ ಏನೋ ಒಂದು ತಪ್ಪು. ಇವರಿಗೆ ಸುಸ್ತಾಗಿದೆ, ಕಿವಿ ಸೋತಿದೆ ಎಂದುಕೊಂಡು ನಾನು “ಎಲ್ಲ ಸರಿಯಾಗಿದೆ ಬೌದಿ” ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ, ಮುಖ ತಿರುಗಿಸದೆ, ಅಲ್ಲಿ ಬೇರೆ ಯಾರಿಗೂ ಅರ್ಥವಾಗದ ಕನ್ನಡದಲ್ಲಿ ಹೇಳಿದಳು:

“ಸರಿಯಾಯ್ತು ಅಂತ ಹೇಳ್ಬೇಡಿ ಮಾರಾಯ್ರೆ. ನಿಲ್ಲಿಸ್ಬೇಡಿ.”

ಆಗ ಬೌದಿಯ ಮುಖ ನೋಡಿದೆ. ಅವರು ಸೌಟನ್ನು ನೋಡುತ್ತಲೇ ಇರಲಿಲ್ಲ.

“ಹೌದು ಬೌದಿ, ನನಗೂ ತಪ್ಪು ಕೇಳಿಸಿತು. ಇನ್ನೊಮ್ಮೆ ಮಾಡೋಣ” ಎಂದೆ. ಗಾಜಿನ ಕಡೆ ತಿರುಗಿ, ಮುದ್ರಣ ನಿಲ್ಲಿಸಿ, ಚಿತ್ರ ಮಾತ್ರ ಓಡಿಸಿ ಎಂದು ಸನ್ನೆ ಮಾಡಿದೆ. ಹಿರಿಯರಿಗೆ ಅರ್ಥವಾಯಿತು. ಕೆಂಪು ದೀಪ ಆರಿತು, ಪ್ರೊಜೆಕ್ಟರ್ ಓಡುತ್ತಲೇ ಇತ್ತು. ಬೌದಿಯ ಕೈಗಳು ಯಾವಾಗಲೋ ನನ್ನ ಹೆಂಡತಿಯ ಕೈಯನ್ನು ಬಿಟ್ಟು ಕೆಳಗಿಳಿದಿದ್ದವು. ಅವಳು ಉಸಿರು ಬಿಗಿಹಿಡಿದು, ಬಳೆ ಸದ್ದಾಗದಂತೆ, ನಿಂತಲ್ಲೇ ನಿಂತಿದ್ದಳು. ಪರದೆಯ ಮೇಲೆ ಅವರು ತುತ್ತು ಎತ್ತಿದರು, ಕೈ ಅಡ್ಡ ಹಿಡಿದರು. ನಮಗೆ ತುಟಿ ಆಡಿದ್ದು ಕಂಡಿತು. ದನಿ ಬೌದಿಯೊಬ್ಬರಿಗೇ ಕೇಳುತ್ತಿತ್ತು. ಐದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಅಷ್ಟೂ ಹೊತ್ತು ಓಡಿಸಿದೆವು.